ಚಿಪ್ಪಿನ ಗುಂಡಿ, ನೀರಿನ ತಟ್ಟೆ

ಮನೆ, ಕೆಲಸದ ಕೋಣೆಯಿಂದ
ಗುರುವಾರ, ಮಾರ್ಚ್ ೧೨

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಬೆಳಗಿನ ಹೊತ್ತಿನ ಕೆಮ್ಮು ಸ್ವಲ್ಪವಾದರೂ ತಗ್ಗಿತೇ? ತಲೆಗೆ ಎರಡು ದಿಂಬು ಇಟ್ಟುಕೊಳ್ಳಿ ಎಂದು ನರ್ಸಮ್ಮ ಹೇಳಿದ್ದರಲ್ಲ, ಇಟ್ಟುಕೊಳ್ಳುತ್ತಿದ್ದೀರೋ, ಅಥವಾ ಅವರು ಆ ಕಡೆ ಹೋದ ಕೂಡಲೇ ಒಂದನ್ನು ತೆಗೆದು ಕಾಲ ಕೆಳಗೆ ಹಾಕಿಕೊಳ್ಳುತ್ತಿದ್ದೀರೋ? ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ. ಉಸಿರೆಳೆದು ಚೆಂಡು ಮೇಲೇರಿಸುವ ಆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಈಗ ಮೂರರಲ್ಲಿ ಎಷ್ಟು ಚೆಂಡು ಏಳುತ್ತಿವೆ? ಹೋದ ಸಲ ನಾನು ಬಂದಾಗ ಒಂದು ಎದ್ದಿತ್ತು, ಎರಡನೆಯದು ನಡುಗಿ ಸುಮ್ಮನಾಗಿತ್ತು. ನೀವು ನನ್ನ ಕಡೆ ನೋಡಿ ನಕ್ಕಿರಿ. ನನಗೆ ನಗು ಬರಲಿಲ್ಲ. ಹಾಲು ಕುಡಿಯಿರಿ, ಮೊಟ್ಟೆ ತಿನ್ನಿ, ಪಕ್ಕದ ಮಂಚದ ಮೇಷ್ಟ್ರ ಜೊತೆ ವಾದ ಮಾಡಿ ಉಸಿರು ಕಳೆದುಕೊಳ್ಳಬೇಡಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಕಾಗದ ಬಂತು. 'ಬರೋ ವಾರ ಸಹಿ ಹಾಕಿ ಬಂದ್ಬಿಡ್ತೀನಿ, ಡಾಕ್ಟ್ರು ಏನಾದ್ರೂ ಅನ್ಲಿ, ನನ್ನ ಕೈಯಿಲ್ದೆ ಅಲ್ಲಿ ಕೆಲಸ ನಿಂತುಹೋಗಿದೆ' ಎಂದು ಬರೆದಿದ್ದೀರಿ. ಉತ್ತರ ಬರೆಯುತ್ತೇನೆ, ಆದರೆ ಮೊದಲು ಇಲ್ಲಿಯ ಸುದ್ದಿಯನ್ನು ಪೂರ್ತಿ ಓದಿ. ನಡುವೆ ಹಾರಿಸಬೇಡಿ.

ಮೊದಲನೆಯ ಸುದ್ದಿ, ಕೆಲಸ ನಿಂತಿಲ್ಲ. ನೀವು ಹೋಗುವ ಮೊದಲು ಕಡಲ ಚಿಪ್ಪನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟು ಡಬ್ಬಿಗಳಲ್ಲಿ ತುಂಬಿಟ್ಟಿದ್ದಿರಲ್ಲ, ಅವು ಹಾಗೆಯೇ ಕೂತಿದ್ದವು. ನೋಡಿದರೆ ಕಣ್ಣು ತಂಪಾಗುತ್ತಿತ್ತು, ಆದರೆ ತೂತಿಲ್ಲದ ಗುಂಡಿಯನ್ನು ಯಾವ ಕೋಟಿಗೆ ಹೊಲಿಯುವುದು? ಕೋಟಿನ ದರ್ಜಿಯಮ್ಮ ಎರಡು ಸಲ ಬಂದು ಬಾಗಿಲಲ್ಲೇ ನಿಂತು ನಿಮ್ಮ ಆರೋಗ್ಯ ಕೇಳಿ ಹೋದರು. ಗುಂಡಿಯ ಮಾತೆತ್ತಲಿಲ್ಲ, ದೊಡ್ಡ ಮನಸ್ಸು. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಆಗ ನಾನೇ ಕೂತೆ. ನಿಮ್ಮ ಎತ್ತರದ ಸ್ಟೂಲಿನ ಮೇಲೆ. ನಿಮ್ಮ ಅಪ್ಪನ ಕಾಲದ್ದು, ಮನೆಯಲ್ಲಿ ಬೇರೆ ಯಾರೂ ಕೂರಬಾರದೆಂದು ನೀವು ಕಾವಲು ಕಾಯುವ ಅದೇ ಸ್ಟೂಲು. ಕೂತರೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ, ಉಯ್ಯಾಲೆಯಲ್ಲಿ ಕೂತ ಮಗುವಿನ ಹಾಗೆ ತೂಗಾಡಿದವು. ಇರಲಿ ಎಂದು ತೂತು ಕೊರೆಯುವ ನಿಮ್ಮ ಜೀರುಂಡೆಯನ್ನು ಕೈಗೆತ್ತಿಕೊಂಡೆ. (ರೋಟರಿ ಟೂಲ್ ಎಂದರೆ ಅದಕ್ಕೂ ನಿಮಗೂ ಕೋಪ ಬರುತ್ತದಲ್ಲ.) ಸ್ವಿಚ್ಚು ಒತ್ತಿದ ತಕ್ಷಣ ಅದು ಚೀರಿಕೊಂಡು ಬಿಲ್ಲೆಯ ಮೇಲೆ ಜಾರಿ ನನ್ನ ಹೆಬ್ಬೆರಳಿನ ಉಗುರಿಗೆ ಗೀರು ಹಾಕಿತು. ಎರಡನೆಯ ಬಿಲ್ಲೆಯಲ್ಲಿ ತೂತು ಬಿದ್ದಿತು, ಆದರೆ ಅಂಚಿಗೆ ಬಿದ್ದಿತು. ಮೂರನೆಯದು ಎರಡು ಹೋಳಾಯಿತು. ಇಷ್ಟು ವರ್ಷ ನೀವು ಬರಿ ಕೈಯಲ್ಲಿ ನಾಲ್ಕು ತೂತನ್ನು ಹೇಗೆ ಕೊರೆಯುತ್ತಿದ್ದಿರೋ, ನಿಮ್ಮ ಕೈಗೆ ಮುತ್ತಿಡಬೇಕು. ಈಗ ಹೇಳುತ್ತಿದ್ದೇನೆ, ತಲೆಗೇರಿಸಿಕೊಳ್ಳಬೇಡಿ.

ಆಮೇಲೆ ಬಾಗಿಲ ಹಿಂದೆ ನಿಮ್ಮ ಟೋಪಿ ನೇತುಹಾಕುವ ಆ ಕಬ್ಬಿಣದ ಕಂಬ ಕಣ್ಣಿಗೆ ಬಿತ್ತು. ಯಂತ್ರದ ಜೊತೆ ಬಂದಿದ್ದ ಸ್ಟ್ಯಾಂಡು. ಅದಕ್ಕೆ ಯಂತ್ರವನ್ನು ಸಿಕ್ಕಿಸಿ, ಪಕ್ಕದ ಹಿಡಿಕೆ ಎಳೆದರೆ ಅದು ನೆಟ್ಟಗೆ ಕೆಳಗಿಳಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಮೇಲಕ್ಕೆತ್ತುತ್ತದೆ. ಡಬ್ಬಿ ಬಿಚ್ಚಿದ ದಿನ ನೀವು ಅಂದದ್ದು ನೆನಪಿದೆ: 'ಕೈ ನೆಟ್ಟಗಿರೋನಿಗೆ ಕೋಲು ಯಾಕೆ?' ಹಾಗೆಂದು ಅದಕ್ಕೆ ಟೋಪಿ ಹಾಕಿದವರು ಮತ್ತೆ ತೆಗೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ ನೋಡಿ. ನಾನು ಟೋಪಿ ತೆಗೆದೆ, ಒರೆಸಿದೆ, ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದೆ. ಮೊದಲ ದಿನ ಅದು ಗಡಗಡ ಅಲುಗಿತು. ಸ್ಟ್ಯಾಂಡೇ ಸರಿಯಿಲ್ಲ ಎಂದು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಯಿತು ನನ್ನ ಕಥೆ. ಕತ್ತಿನ ಬಳಿ ಯಂತ್ರವನ್ನು ಹಿಡಿಯುವ ಉಂಗುರವನ್ನು ನಾನೇ ಸರಿಯಾಗಿ ಬಿಗಿದಿರಲಿಲ್ಲ. ಬಿಗಿದ ಮೇಲೂ ಕಂಬದಲ್ಲಿ ಒಂಚೂರು ಸಡಿಲ ಉಳಿಯಿತು, ಅಲ್ಲಿಗೆ ಹಳೆಯ ಬೆಲ್ಟಿನ ಚರ್ಮದ ತುಂಡು ತುರುಕಿದೆ. ನಿಮ್ಮದೇ ಬೆಲ್ಟು, ಈಗ ಬಂದರೆ ಹೇಗೂ ಅದು ನಿಮ್ಮ ಸೊಂಟದಲ್ಲಿ ನಿಲ್ಲುವುದಿಲ್ಲ.

ಈಗ ಮುಖ್ಯವಾದ ಮಾತು. ಬೀದಿ ತುದಿಯ ಗಾಜಿನಂಗಡಿಯವರು ಕನ್ನಡಿಗೆ ತೂತು ಕೊರೆಯುವಾಗ ನೀರು ಹನಿಸುತ್ತಲೇ ಇರುತ್ತಾರೆ, ಧೂಳೇ ಏಳುವುದಿಲ್ಲ. ಹಾಗಾದರೆ ಚಿಪ್ಪನ್ನು ನೀರಿನಲ್ಲೇ ಇಟ್ಟು ಕೊರೆದರೆ ಏನು ಎಂದು ಯೋಚಿಸಿದೆ. ಕರೆಂಟಿನ ಯಂತ್ರವನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿನ ಮೇಲೆ ಬಗ್ಗುವುದಕ್ಕೆ ನನಗೇನು ಹುಚ್ಚೇ? ಆದರೆ ಸ್ಟ್ಯಾಂಡಿನಲ್ಲಿ ಯಂತ್ರ ಮೇಲೆಯೇ ಉಳಿಯುತ್ತದೆ, ಕೊರೆಯುವ ಕಡ್ಡಿಯ ತುದಿ ಮಾತ್ರ ನೀರಿಗಿಳಿಯುತ್ತದೆ. ವೈರನ್ನು ಮೇಲಿನ ಮೊಳೆಗೆ ಸುತ್ತಿ ಕಟ್ಟಿದ್ದೇನೆ, ಹೆದರಬೇಡಿ. ಅಂಚಿರುವ ಹಳೆಯ ಎನಾಮಲ್ ತಟ್ಟೆ, ಅದರ ತಳಕ್ಕೆ ಮರದ ಹಲಗೆ ಕಚ್ಚಿಸಿ ಕೂರಿಸಿದ್ದೇನೆ, ಹಲಗೆಯಲ್ಲಿ ಬಿಲ್ಲೆ ಕೂರುವಷ್ಟೇ ದೊಡ್ಡ ಗುಳಿ, ಬೆರಳು ಮುಳುಗುವಷ್ಟು ನೀರು. ಕಡ್ಡಿ ಬಿಲ್ಲೆಯ ನಡುವಿನಿಂದ ಒಂದಿಷ್ಟು ಪಕ್ಕಕ್ಕೆ ಇಳಿಯುವ ಹಾಗೆ ತಟ್ಟೆಯನ್ನು ಸರಿಸಿ ಭದ್ರ ಮಾಡಿದೆ. ಒಂದು ತೂತು ಕೊರೆದು ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸುವುದು, ಮತ್ತೊಂದು ಕೊರೆಯುವುದು, ಮತ್ತೆ ಕಾಲು ಸುತ್ತು. ನಾಲ್ಕೂ ತೂತು ಅಳತೆಗೆ ಕೂರುತ್ತವೆ, ಕಣ್ಣಳತೆಯ ಗೋಜೇ ಇಲ್ಲ. ಹಿಡಿಕೆಯನ್ನು ಜೋರಾಗಿ ಎಳೆದರೆ ಮಾತ್ರ ಚಿಪ್ಪು ಸಿಟ್ಟಾಗಿ ಸೀಳುತ್ತದೆ. ಸ್ವಲ್ಪ ಇಳಿಸಿ, ಎತ್ತಿ, ಮತ್ತೆ ಇಳಿಸಬೇಕು. ಮಗುವಿಗೆ ತುತ್ತು ತಿನ್ನಿಸಿದವರಿಗೆ ಅದನ್ನು ಕಲಿಸಬೇಕಾಗಿಲ್ಲ.

ಒಂದು ತಮಾಷೆ ಹೇಳುತ್ತೇನೆ. ಮೊದಲ ತೂತು ಬಿದ್ದ ತಕ್ಷಣ ನಾನು ಬಗ್ಗಿ ಉಫ್ ಎಂದು ಊದಿಬಿಟ್ಟೆ. ಮುಖ ತುಂಬ ನೀರು ಚಿಮ್ಮಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ನನ್ನ ಹುಟ್ಟುಗುಣವೂ ಅಲ್ಲ, ಈ ಮನೆಗೆ ಬಂದ ಮೇಲೆ ನೋಡಿ ನೋಡಿ ಅಂಟಿದ್ದು. 'ಒಂದು ತೂತು, ಒಂದು ಊದು' ಎಂದು ಮಾವ ನಿಮಗೆ ಕಲಿಸಿದ್ದರಂತೆ. ಧೂಳು ಹಾರಿದರೇ ತೂತಿನ ಅಂಚು ಕಾಣುವುದು, ಅಂಚು ಕಂಡರೇ ಕೆಲಸಗಾರ. ಊದಿದ ಮೇಲೆ ಉಸಿರೆಳೆದುಕೊಳ್ಳಲೇಬೇಕಲ್ಲ, ಎಳೆದುಕೊಳ್ಳುವಾಗ ಆ ಧೂಳು ಎಲ್ಲಿ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಮಾವ ಕೆಮ್ಮಿದರು, ಅವರ ಅಣ್ಣ ಕೆಮ್ಮಿದರು, ನೀವು ಕೆಮ್ಮಲು ಶುರುಮಾಡಿದಿರಿ. 'ಇದು ನಮ್ಮ ಮನೆತನದ ಕೆಮ್ಮು' ಎಂದಿರಿ. ಮೂಗು ಉದ್ದ, ಕಿವಿ ಅಗಲ ಎನ್ನುವ ಹಾಗೆ ಹೆಮ್ಮೆಯಿಂದಲೇ ಹೇಳುತ್ತಿದ್ದಿರಿ. ನಾನೂ ನಂಬಿದೆ.

ಸಂಜೆ ಕೆಲಸ ಮುಗಿಸಿ ತಟ್ಟೆ ಎತ್ತಲು ಹೋದಾಗ ನಿಮ್ಮ ಅಮ್ಮ ಕೋಣೆಗೆ ಬಂದರು. ನೀರು ಹಾಲಿನ ಹಾಗಾಗಿತ್ತು. 'ಇದೇನೇ, ಹಾಲಿಟ್ಕೊಂಡು ಕೂತಿದೀಯ?' ಎಂದರು. ಸ್ವಲ್ಪ ಹೊತ್ತು ಹಾಗೆಯೇ ಬಿಡಿ ಎಂದೆ. ನೀರು ತಿಳಿಯಾಯಿತು, ತಳದಲ್ಲಿ ಬಿಳಿ ಕೆಸರು ದಪ್ಪಗೆ ಕೂತಿತು. ಅಮ್ಮ ಅದರಲ್ಲಿ ಬೆರಳದ್ದಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ತಿಕ್ಕುತ್ತಲೇ ಇದ್ದರು. 'ಇಷ್ಟೂ ಒಂದೇ ದಿನದ್ದಾ?' ಎಂದು ಕೇಳಿದರು. ಹೌದು ಎಂದೆ, ನಾನು ನಿಧಾನದವಳು, ನೀವು ಇದರ ನಾಲ್ಕರಷ್ಟು ಕೆಲಸ ಮಾಡುತ್ತಿದ್ದಿರಿ ಎಂದೆ. ಹೇಳಬಾರದಿತ್ತೇನೋ. ಅಮ್ಮ ನೆಲದ ಮೇಲೆಯೇ ಕೂತುಬಿಟ್ಟರು. 'ಸಂಜೆ ಕೆಲಸದಿಂದ ಎದ್ದು ಬಂದಾಗ ನಿಮ್ಮಾವನ ಮೀಸೆ ಬೆಳ್ಳಗಾಗಿರ್ತಿತ್ತು ಕಣೇ. ಮುದುಕಪ್ಪ ಬಂದ ಅಂತ ನಾವೆಲ್ಲ ನಗ್ತಿದ್ವಿ. ಅವ್ರೂ ನಗ್ತಿದ್ರು. ರಕ್ತದಲ್ಲೇ ಬಂದಿರೋ ಕೆಮ್ಮು ಅಂತ ಬಿಸಿನೀರು ಕಾಸಿ ಕಾಸಿ ಕೊಟ್ಟೆ, ಇನ್ನೇನೂ ಮಾಡ್ಲಿಲ್ಲ' ಎಂದರು. ನಾನು ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತೆವು. ಅಡುಗೆಮನೆಯಲ್ಲಿ ಏನೋ ಸೀದ ವಾಸನೆ ಬಂದ ಮೇಲೆ ಎದ್ದೆವು.

ಆ ಕೆಸರನ್ನು ನಾನು ಚೆಲ್ಲಲಿಲ್ಲ. ನೀರಿನ ಸಮೇತ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ನಿಮ್ಮ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಮುಚ್ಚಳ ತೆಗೆಯಬೇಡಿ. ಕಿಟಕಿಯಲ್ಲಿಟ್ಟು ನೋಡಿ, ಕೈಯಲ್ಲಿ ಹಿಡಿದು ತೂಗಿ ನೋಡಿ. ಎದೆಯ ಫೋಟೋ ತೋರಿಸಿ ಡಾಕ್ಟರು ಬಿಳಿ ಬಿಳಿ ಎಂದು ಬೆರಳಿಟ್ಟಾಗ 'ಅದೆಲ್ಲ ನಂಗೆ ಅರ್ಥ ಆಗಲ್ಲ' ಎಂದಿರಲ್ಲ. ಇದು ಅರ್ಥವಾಗುತ್ತದೆ. ಶ್ವಾಸಕೋಶದಲ್ಲಿ ಗಟ್ಟಿಯಾಗಿ ಹೋದದ್ದು ಮತ್ತೆ ಮೆತ್ತಗಾಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದು ಅವರು ನಿಮ್ಮೆದುರು ಹೇಳಿದ್ದನ್ನೇ ನನ್ನೆದುರೂ ಹೇಳಿದ್ದಾರೆ. ಇನ್ನೊಮ್ಮೆ ಆ ಧೂಳಿನಲ್ಲಿ ಕೂತರೆ ಏನಾಗುತ್ತದೆ ಎಂದೂ ಹೇಳಿದ್ದಾರೆ. ಅದನ್ನು ನೀವು ನಿಮ್ಮ ಕಾಗದದಲ್ಲಿ ಬರೆದಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ, ಕೈ ಬರುವುದಿಲ್ಲ.

ದರ್ಜಿಯಮ್ಮನ ಸುದ್ದಿ ಹೇಳಿಬಿಡುತ್ತೇನೆ. ನಿನ್ನೆ ಬಂದರು. ನಾನು ಕೊರೆದ ಗುಂಡಿಗಳನ್ನು ಅಂಗೈ ಮೇಲೆ ಸುರುವಿಕೊಂಡು ಕನ್ನಡಕ ಏರಿಸಿ ನೋಡಿದರು. 'ಇದು ಅವರ ಕೈಯಲ್ಲ' ಎಂದರು. 'ಅವರ ಗುಂಡೀಲಿ ಒಂದು ತೂತು ಯಾವಾಗ್ಲೂ ಕೂದಲೆಳೆಯಷ್ಟು ಮೇಲಿರುತ್ತೆ, ಕತ್ತಲಲ್ಲೂ ನಾನು ಗುರುತು ಹಿಡೀತೀನಿ' ಎಂದರು. ಆಮೇಲೆ ಸೂಜಿಗೆ ನೂಲು ಪೋಣಿಸಿ, ಗುಂಡಿಯೊಳಗೆ ಹಾಯಿಸಿ, ಹಿಂದಕ್ಕೂ ಮುಂದಕ್ಕೂ ಗರಗರ ಎಳೆದರು. ನೂಲು ತುಂಡಾಗಲಿಲ್ಲ. ನೀರಿನಲ್ಲಿ ಕೊರೆದದ್ದಕ್ಕೆ ಅಂಚು ನಯವಾಗಿದೆಯಂತೆ. 'ಅವರದ್ದು ಅವರದ್ದೇ. ಇದೂ ನಡಿಯುತ್ತೆ, ಚೆನ್ನಾಗೇ ನಡಿಯುತ್ತೆ' ಎಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ನಿಮಗೆ ಹೊಟ್ಟೆಯುರಿದರೆ ಉರಿಯಲಿ. ನಿಮ್ಮ ಕೈ ಯಾರಿಗೂ ಬರುವುದಿಲ್ಲ, ನನಗಂತೂ ಬರುವುದಿಲ್ಲ. ನನಗೆ ಬೇಕಾಗಿರುವುದು ಆ ಕೈಯ ಕೆಲಸವಲ್ಲ, ಆ ಕೈ.

ಬಾಟಲಿಯ ಜೊತೆ ನಿಮ್ಮ ಬಿಳಿ ಅಂಗಿಯನ್ನೂ ಕಳಿಸಿದ್ದೇನೆ. ಕೆಳಗಿನ ಗುಂಡಿಗಳೆಲ್ಲ ನಿಮ್ಮವು, ಕತ್ತಿನ ಹತ್ತಿರದ್ದು ನನ್ನದು. ಸಂಜೆ ಗಾಳಿ ಬೀಸುವಾಗ ಅದನ್ನು ತಪ್ಪದೆ ಹಾಕಿಕೊಳ್ಳಿ. ನಿಮ್ಮ ಅಮ್ಮ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾರೆ ಎಂದು ತಿಳಿಯಿರಿ, ಹಾಗೆಯೇ ಬರೆಯಲು ಹೇಳಿದರು. ನರ್ಸಮ್ಮನಿಗೆ, ಮೇಷ್ಟ್ರಿಗೆ, ಕಾಯಿಲೆ ಬಿದ್ದ ಆ ಸಾಲಿನ ಎಲ್ಲರಿಗೂ ನಮ್ಮ ಮನೆಯಿಂದ ಒಳ್ಳೆಯದಾಗಲಿ ಎಂದು ಹೇಳಿ.

ನಿಮ್ಮ ದಾರಿ ಕಾಯುತ್ತಿರುವ, ಆದರೆ ಅವಸರವೇನೂ ಇಲ್ಲದ,
ನಿಮ್ಮವಳು

ಮತ್ತೆ: ಉತ್ತರ ಬರೆಯುತ್ತೇನೆ ಎಂದಿದ್ದೆ, ನಿಮ್ಮ ತಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಹಿ ಹಾಕಿ ಬಂದರೂ ಇಲ್ಲಿ ನಿಮಗೆ ಕೂರಲು ಜಾಗವಿಲ್ಲ. ಸ್ಟೂಲಿನ ನಾಲ್ಕೂ ಕಾಲನ್ನು ನನ್ನ ಎತ್ತರಕ್ಕೆ ಕುಯ್ದುಬಿಟ್ಟಿದ್ದೇನೆ. ನೀವು ಕೂತರೆ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ. ಮೂರೂ ಚೆಂಡು ಏಳುವವರೆಗೆ ಅಲ್ಲೇ ಇರಿ, ಬೈಯುವುದಿದ್ದರೆ ಆಮೇಲೆ ಬಂದು ಗಟ್ಟಿ ಉಸಿರಿನಲ್ಲಿ ಬೈಯಿರಿ. ನನ್ನೊಬ್ಬಳನ್ನೇ ಬೈಯಬೇಡಿ. ಕುಯ್ಯುವಾಗ ಸ್ಟೂಲು ಅಲುಗದಂತೆ ಎರಡೂ ಕೈಯಲ್ಲಿ ಅದುಮಿ ಹಿಡಿದವರು ನಿಮ್ಮ ಅಮ್ಮ. 'ಇದನ್ನ ನಿಮ್ಮಾವ ಇದ್ದಾಗಲೇ ಕುಯ್ಬೇಕಿತ್ತು' ಎಂದರು.