ಹೈಡ್ರೋಜನ್ ಇಲ್ಲದ ಆಮ್ಲ

ಜೂನ್ 3, ಸೋಮವಾರ

ಕಾಲೇಜಿನ ಸ್ಟೋರ್ ರೂಮ್ ಜೋಡಿಸಿದ್ದಾಯಿತು. ಮುನ್ನೂರ ಹನ್ನೆರಡು ಬಾಟಲಿ. ನಾದಿನಿ ಲ್ಯಾಬ್ ಸಹಾಯಕಿಯಾಗಿ ಕೆಲಸಕ್ಕೆ ಸೇರಿ ವಾರ — ಪ್ರಿನ್ಸಿಪಾಲರಿಗೆ ಹೇಳಿ ಸೇರಿಸಿದ್ದು ನಾನೇ. ಓದಿದ್ದು ಕಾಮರ್ಸ್. "ಅತ್ತಿಗೆ, ಯಾವ್ದು ಆಸಿಡ್, ಯಾವ್ದು ಬೇಸ್ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ತಲೆ ತಿಂದಳು. ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಫಾರ್ಮುಲಾದಲ್ಲಿ ಮೊದಲು ಎಚ್ ಇದ್ದರೆ ಆಮ್ಲ, ಎಡಗಡೆ ಕಪಾಟು. ಕೊನೆಗೆ ಓಎಚ್ ಇದ್ದರೆ ಪ್ರತ್ಯಾಮ್ಲ, ಬಲಗಡೆ. ಎರಡೂ ಇಲ್ಲದ್ದು ಲವಣ, ಸಿಂಕಿನ ಕೆಳಗೆ.

"ಇಷ್ಟೇನಾ? ನೀರು ಕುಡಿದಷ್ಟು ಸುಲಭ" ಎಂದಳು.

ಜೂನ್ 19

ಬರೆದಿರಲಿಲ್ಲ. ಏನೂ ಅನ್ನಿಸುತ್ತಿಲ್ಲ. ನಡೆದದ್ದಷ್ಟು ಬರೆದಿಡುತ್ತೇನೆ.

ಏಳನೇ ತಾರೀಕು, ಬೆಳಿಗ್ಗೆ ಹತ್ತೂವರೆ. ಸಿಂಕಿನ ಪೈಪು ತೊಟ್ಟಿಕ್ಕುತ್ತಿತ್ತು. ಕೆಳಗೆ ಅಲ್ಯೂಮಿನಿಯಂ ಕ್ಲೋರೈಡ್ ಬಾಟಲಿ. ಅದಕ್ಕೆ ನೀರು ತಾಗಬಾರದು, ತಾಗಿದರೆ ಆಮ್ಲದ ಹೊಗೆ ಏಳುತ್ತದೆ. ಸಡಿಲ ಮುಚ್ಚಳದಿಂದ ತೇವ ಒಳಗಿಳಿದಿತ್ತು. ಗೊತ್ತಿಲ್ಲದೆ ನಾದಿನಿ ಮುಚ್ಚಳ ಬಿಗಿ ಮಾಡಿದ್ದಳು. ಒಳಗೆ ಅನಿಲ ಕಟ್ಟಿಕೊಂಡಿತ್ತು. ಒರೆಸಿಡೋಣ ಎಂದು ಮತ್ತೆ ತೆರೆದಳು. ಪುಡಿ, ಹೊಗೆ — ಮುಖಕ್ಕೇ.

ಬಲಗಣ್ಣು ಉಳಿಯಿತು. ಎಡಗಣ್ಣಿಗೆ ಬೆಳಕಷ್ಟೇ, ಆಕಾರ ಕಾಣುವುದಿಲ್ಲ ಎಂದರು ಡಾಕ್ಟರು.

ಆ ಫಾರ್ಮುಲಾದಲ್ಲಿ ಎಚ್ ಇಲ್ಲ, ಓಎಚ್ ಇಲ್ಲ. ಅವಳು ಚೀಟಿಯ ಪ್ರಕಾರ ಲವಣವೆಂದು ಸರಿಯಾಗಿಯೇ ಇಟ್ಟಿದ್ದಳು. ಆಂಬುಲೆನ್ಸ್ ಹೋದ ಮೇಲೆ ಚೀಟಿ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ. ನಾಚಿಕೆಯಾಗಬೇಕಿತ್ತು. ಹಸಿವಾಯಿತು.

ಜೂನ್ 21

ಪಾಠ ನಿಲ್ಲಿಸುವಂತಿಲ್ಲ. ಎರಡನೇ ವರ್ಷ, ಮೂರು ವ್ಯಾಖ್ಯೆ. ಅರೇನಿಯಸ್ — ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಡುವುದು ಆಮ್ಲ, ಹೈಡ್ರಾಕ್ಸೈಡ್ ಬಿಡುವುದು ಪ್ರತ್ಯಾಮ್ಲ. ಬ್ರಾನ್‌ಸ್ಟೆಡ್, ಲೌರಿ — ಪ್ರೋಟಾನ್ ಕೊಡುವುದು ಆಮ್ಲ, ತೆಗೆದುಕೊಳ್ಳುವುದು ಪ್ರತ್ಯಾಮ್ಲ. ಓಎಚ್ ಇಲ್ಲದ ಅಮೋನಿಯಾಕ್ಕೂ ಇಲ್ಲಿ ಜಾಗ ಸಿಗುತ್ತದೆ. ಲೂಯಿಸ್ — ಎಲೆಕ್ಟ್ರಾನ್ ಜೋಡಿ ತೆಗೆದುಕೊಳ್ಳುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ. ಆಮ್ಲಕ್ಕೆ ಹೈಡ್ರೋಜನ್ನೇ ಬೇಕಿಲ್ಲ.

ಉದಾಹರಣೆ ಬರೆದೆ. ಅಲ್ಯೂಮಿನಿಯಂ ಕ್ಲೋರೈಡ್. ಹನ್ನೊಂದು ವರ್ಷದಿಂದ ಇದೇ ಉದಾಹರಣೆ.

ಕಾಮರ್ಸಿನವಳಿಗೆ ಮೊದಲನೆಯ ವ್ಯಾಖ್ಯೆಯೊಂದು ಸಾಕು ಅಂದುಕೊಂಡಿದ್ದೆ.

ಜೂನ್ 24

ನಾಳೆ ವಿಚಾರಣೆ. ಅವಳ ಅಜಾಗರೂಕತೆ ಎಂದಾದರೆ ಕೆಲಸ ಹೋಗುತ್ತದೆ. ಇವರು ತಟ್ಟೆ ಸರಿಸಿ ಹೇಳಿದರು, "ನನ್ನ ತಂಗಿ ಮೊದ್ಲಿಂದ್ಲೂ ಗಡಿಬಿಡಿ. ನೀನ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡು ಕೂತಿದೀಯ? ನಿಂದೇನಿದೆ ಇದ್ರಲ್ಲಿ?"

ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ.

ಸಂಜೆ ಅವಳ ಕಣ್ಣಿಗೆ ಡ್ರಾಪ್ಸ್ ಹಾಕುವಾಗ ಕೈ ಹಿಡಿದುಕೊಂಡಳು. "ಅತ್ತಿಗೆ, ನಿಜ ಹೇಳಿ. ಆ ಬಾಟ್ಲಿ ಮೇಲೆ ಎಚ್ ಇತ್ತಾ? ನಾನೇ ನೋಡ್ಲಿಲ್ವಾ?"

"ಗೊತ್ತಿಲ್ಲ ಕಣೇ. ಅಲ್ಲಾಡ್ಬೇಡ" ಎಂದೆ.

"ಇದ್ದಿರ್ಬೇಕು. ನೀವು ಅಷ್ಟು ಬಿಡಿಸಿ ಬರ್ದಿದ್ರಿ. ನಂದೇ ತಪ್ಪು ಅಂತ ಒಪ್ಕೊಂಡ್ಬಿಡ್ತೀನಿ. ನಿಮ್ಮ ಹೆಸರು ಯಾಕೆ ಕೆಡ್ಬೇಕು?"

ಎರಡು ಹನಿಯ ಬದಲು ನಾಲ್ಕು ಬಿತ್ತು. ಒರೆಸಿದೆ.

ಜೂನ್ 25, ಬೆಳಿಗ್ಗೆ 9.40

ಪ್ರಿನ್ಸಿಪಾಲರ ಕೋಣೆಯ ಹೊರಗೆ ಬೆಂಚು. ಅವಳು ಪಕ್ಕದಲ್ಲೇ ಕೂತಿದ್ದಾಳೆ, ಕಪ್ಪು ಕನ್ನಡಕ. ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದಾಳೆ — ನಂದೇ ತಪ್ಪು ಸರ್, ನಂದೇ ತಪ್ಪು ಸರ್. ನಾನೇನು ಬರೆಯುತ್ತಿದ್ದೇನೆ ಎಂದು ಕೇಳಿದಳು. ನೋಟ್ಸ್ ಎಂದೆ.

ಜವಾನ ಬಾಗಿಲು ತೆರೆದ. ಮೊದಲು ಅವಳ ಹೆಸರು ಕರೆಯುತ್ತಿದ್ದಾನೆ. ಎದ್ದಳು. ಗೋಡೆ ತಡವುತ್ತಾಳೆ, ಎಡಗಡೆ ಕಾಣುವುದಿಲ್ಲ... ಈಗಲೇ ಕೈ ಹಿಡಿದು ನಿಲ್ಲಿಸಿ, ಬ್ಯಾಗಿನಿಂದ ಚೀಟಿ ತೆಗೆದು, ನಾನೇ ಮೊದಲು ಒಳಗೆ —