ತಾರಸಿಗೆ ಕಾಣದ ನೀರು

ಆರೋಗ್ಯಾಧಿಕಾರಿ ಸಾಹೇಬರಿಗೆ, ಇಲಿಬೋನು ಇಡುವ ಅಕ್ಕನ ನಮಸ್ಕಾರ.

ಗೋದಾಮು ಬೀದಿಯಲ್ಲಿ ಇಲಿಜ್ವರ ಬರುತ್ತದೆಂದು ಮನೆಮನೆಗೆ ಹೇಳಿ ಜನರನ್ನು ಹೆದರಿಸಿದ್ದಕ್ಕೆ ಕ್ಷಮಾಪಣೆ ಬರೆದುಕೊಡು ಅಂದಿದ್ದೀರಿ. ಬರೆಯಲ್ಲ ಸಾರ್.

ನಿಮ್ಮ ಕಂಪ್ಯೂಟರು, ಕಚೇರಿ ತಾರಸಿಯ ಮಳೆಮಾಪಕ ನೋಡಿ, ಮಳೆಯಿಲ್ಲ, ಹಾಗಾಗಿ ಜ್ವರದ ಭಯವೂ ಇಲ್ಲ ಅನ್ನುತ್ತದೆ. ಮಳೆ ಬಂದಿಲ್ಲ, ನಿಜ. ಆದರೆ ಆ ಬೀದಿಯಲ್ಲಿ ನೀರಿನ ದೊಡ್ಡ ಪೈಪು ಒಡೆದು ಹದಿನೈದು ದಿನ ಚರಂಡಿ ಉಕ್ಕಿ ಹರಿಯಿತು. ಬಿಲಗಳಿಗೆ ನೀರು ನುಗ್ಗಿ ಇಲಿಗಳೆಲ್ಲ ಮೇಲೆ ಬಂದವು. ವಾರಕ್ಕೆ ನಾಲ್ಕು ಇಲಿ ಬೀಳುತ್ತಿದ್ದ ಬೋನುಗಳಲ್ಲಿ ಒಂದೇ ವಾರಕ್ಕೆ ಮೂವತ್ತೊಂದು ಬಿದ್ದವು. ಅವು ಉಚ್ಚೆ ಹೊಯ್ದ ನೀರಲ್ಲೇ ಜನ ಬರಿಗಾಲಲ್ಲಿ ಓಡಾಡಿದರು. ಜ್ವರ ಬರಲು ಇನ್ನೇನು ಬೇಕು? ಹನ್ನೊಂದು ವರ್ಷ ಬೋನು ಹೊತ್ತವಳು ಇದನ್ನು ತಿಳಿಯಲು ತಾರಸಿ ಹತ್ತಬೇಕಿಲ್ಲ.

ಕೆಲಸದಿಂದ ತೆಗೀತೀನಿ ಅಂದಿರಿ. ತೆಗೀರಿ. ಬೋನುಗಳನ್ನೆಲ್ಲ ತೊಳೆದಿಟ್ಟಿದ್ದೇನೆ. ಮುಂದೆ ಬರುವವರಿಗಾದರೂ ತೂತಿಲ್ಲದ ಬೂಟು ಕೊಡಿ.

ಇನ್ನೊಂದು ಮಾತು. ಆ ಬೀದಿಯಲ್ಲೇ ಇರುವ ನಿಮ್ಮ ಡ್ರೈವರಣ್ಣ ದಿನಾ ಬೆಳಿಗ್ಗೆ ಅದೇ ನೀರಲ್ಲಿ ನಿಂತು ನಿಮ್ಮ ಕಾರು ತೊಳೆಯುತ್ತಿದ್ದ. ನಿನ್ನೆಯಿಂದ ಅವನಿಗೆ ಜ್ವರ. ಕಣ್ಣು ಕೆಂಪಾಗಿದೆ, ಮೀನಖಂಡದ ನೋವಿಗೆ ಕಾಲೂರಲು ಆಗುತ್ತಿಲ್ಲ. ಜನರನ್ನು ಹೆದರಿಸುವವರ ಪಟ್ಟಿಗೆ ತನ್ನನ್ನೂ ಸೇರಿಸುತ್ತೀರೆಂದು ಹೆದರಿ ನಿಮ್ಮ ಹತ್ತಿರ ಬಾಯಿ ಬಿಟ್ಟಿಲ್ಲ. ಈ ಕಾಗದ ಓದಿದ ಕೂಡಲೇ, ನೀವು ಕೂರುವ ಸೀಟಿನಲ್ಲಿ ಅವನನ್ನು ಮಲಗಿಸಿ, ಕಾರು ನೀವೇ ಓಡಿಸಿಕೊಂಡು ಆಸ್ಪತ್ರೆಗೆ ಹೋಗಿ.

ಇಂತಿ,
ಕ್ಷಮೆ ಕೇಳದ ಬೋನಕ್ಕ