ಹತ್ತರಿಂದ ಹನ್ನೆರಡು

ಸೆಪ್ಟೆಂಬರ್ 6, ಮಧ್ಯಾಹ್ನ

ಇವತ್ತಿನದೂ ಮುಗಿಯಿತು. ಹತ್ತರಿಂದ ಹನ್ನೆರಡು ನನ್ನ ಪಾಳಿ. ನಮ್ಮ ಯೆಹೂದಿ ಬೀದಿಯ ಹೆಂಗಸರು ಹಗಲನ್ನು ಹಂಚಿಕೊಂಡಿದ್ದೇವೆ. ಪಾಳಿಯಲ್ಲಿರುವವಳು ಯಾರ ವಿಷಯವನ್ನೂ ಆಡಬಾರದು — ಒಳ್ಳೆಯದನ್ನೂ. ಈ ಹರಕೆಯ ಪುಣ್ಯವೆಲ್ಲ ಮೇಲ್ಮಹಡಿಯ ಸಿಪಾಳ ಮಗಳು ಮಿಂಡೆಲ್‌ಗೆ. ಅವಳಿಗೆ ಇಪ್ಪತ್ತಾರಾಯಿತು. ಗಂಡು ಸಿಗಬೇಕು.

"ನೀನು ಬಾಯಿ ಮುಚ್ಕೊಂಡ್ರೆ ನನ್ ಮಗಳಿಗೆ ಬಾಗ್ಲು ತೆಗೆಯುತ್ತೆ. ಎಂಥ ಕಷ್ಟದ ಹರಕೆ ಹೊತ್ತಿದೀಯೇ, ಟೀಚರಮ್ಮ," ಅನ್ನುತ್ತಾಳೆ ಸಿಪಾ.

ಸೆಪ್ಟೆಂಬರ್ 7

ಹತ್ತೂಕಾಲಿಗೆ ಫೋನು. ಟೊರೊಂಟೊದ ಹೆಂಗಸು. ಮಗನಿಗೆ ಹುಡುಗಿ ಹುಡುಕುತ್ತಿದ್ದಾರೆ.

"ಮಿಂಡೆಲ್‌ಗೆ ಪಾಠ ಹೇಳಿದೋರು ನೀವೇ ಅಂತೆ. ಹುಡುಗಿ ಹೇಗೆ?"

ಗಡಿಯಾರ ನೋಡಿದೆ. "ಕ್ಷಮಿಸಿ. ಅವಳ ವಿಷಯ ನಾನು ಮಾತಾಡೋ ಹಾಗಿಲ್ಲ."

"ಅರ್ಥ ಆಯ್ತು. ಥ್ಯಾಂಕ್ಸ್," ಅಂದು ಆಕೆ ಫೋನು ಇಟ್ಟರು.

ಪಾಳಿ ಕೆಡಲಿಲ್ಲ. ಒಳಗೊಳಗೇ ಹೆಮ್ಮೆ.

ಸೆಪ್ಟೆಂಬರ್ 19

ಸಿಪಾ ಮೆಟ್ಟಿಲ ಮೇಲೆ ಕೂತಿದ್ದಳು. "ಟೊರೊಂಟೊದೋರು ಬೇಡ ಅಂದ್ರು. ಯಾರೋ ಏನೋ ಹೇಳಿದಾರೆ." ಮಿಂಡೆಲ್ ಹೊಸ ನೀಲಿ ಲಂಗವನ್ನು ಅಂಗಡಿಗೆ ಹಿಂದಿರುಗಿಸಿ ಬಂದಳಂತೆ.

ಆಗ ಹೊಳೆಯಿತು... ಆ 'ಯಾರೋ' ನಾನೇ. 'ಹನ್ನೆರಡರ ಮೇಲೆ ಫೋನು ಮಾಡಿ' ಅಂದಿದ್ದರೆ ಸಾಕಿತ್ತು.

ಟೊರೊಂಟೊಗೆ ಫೋನು ಮಾಡಿದೆ. ಪಾಳಿಯ ವಿಷಯ ಹೇಳಿದೆ. ಅಪರಂಜಿಯಂಥ ಹುಡುಗಿ ಅಂದೆ.

"ಆವತ್ತೇ ಹೇಳ್ಬಾರದಿತ್ತೇನ್ರೀ? ಹುಡುಗನಿಗೆ ಬೇರೆ ಕಡೆ ನಿಶ್ಚಯ ಆಯ್ತು."

ಸೆಪ್ಟೆಂಬರ್ 20

ನಮ್ಮ ಧರ್ಮಗುರು ರಬ್ಬಿಯನ್ನು ಕೇಳಿದೆ.

"ನಾನು ಮಾತೇ ಆಡಲಿಲ್ಲ."

"ಬೇಕಾದಷ್ಟು ಆಡಿದೀಯಮ್ಮ."

ಸಿಪಾಳ ಕ್ಷಮೆ ಕೇಳಬೇಕು. ಆದರೆ ಕೆಡಿಸಿದ್ದು ನಾನು ಅಂತ ಅವಳಿಗೆ ಗೊತ್ತಿಲ್ಲ. ಹೇಳಿದರೆ ಹೊಸ ನೋವು. ಹೇಳು ಅನ್ನುವ ಶಾಸ್ತ್ರಜ್ಞರೂ ಇದ್ದಾರಂತೆ, ಬೇಡ ಅನ್ನುವವರೂ. "ಅವಳನ್ನ ಬಲ್ಲವಳು ನೀನು," ಅಂದರು ರಬ್ಬಿ. ಅಷ್ಟೇ.

ಸೆಪ್ಟೆಂಬರ್ 24, ಬೆಳಿಗ್ಗೆ

ಸಂಜೆಯಿಂದ ವರ್ಷದ ಪ್ರಾಯಶ್ಚಿತ್ತದ ಉಪವಾಸ. ಅದಕ್ಕೆ ಮುಂಚೆ ಒಬ್ಬರನ್ನೊಬ್ಬರು ಕ್ಷಮೆ ಕೇಳಿ ಮುಗಿಸಬೇಕು. ಸಿಪಾ ಮೊದಲೇ ಇಳಿದು ಬಂದಳು, ಬಿಸಿ ಜೇನಿನ ಕೇಕ್ ಹಿಡಿದು.

"ಹೆನ್ಯಾ, ಎರಡು ದಿನ ನಿನ್ ಮೇಲೂ ಅನುಮಾನ ಪಟ್ಟೆ ಕಣೆ. ನನಗಾಗಿ ಬಾಯಿ ಕಟ್ಟಿದೋಳ ಮೇಲೆ. ಕ್ಷಮಿಸಿಬಿಡು."

ಕ್ಷಮಿಸಿದೆ ಅಂದೆ. ಪದ್ಧತಿಯಂತೆ ಮೂರು ಸಲ ಅನ್ನಿಸಿದಳು. ಕೆನ್ನೆ ತಟ್ಟಿ ಹತ್ತಿ ಹೋದಳು.

ಕೇಕನ್ನು ಮುಟ್ಟದೆ ಮೇಜಿನ ಮೇಲಿಟ್ಟೆ. ಹತ್ತೂ ಇಪ್ಪತ್ತು — ನನ್ನ ಪಾಳಿ. ಮೇಲಕ್ಕೆ ಹದಿನಾಲ್ಕು ಮೆಟ್ಟಿಲು. ಹನ್ನೆರಡರವರೆಗೆ ಕಾಯುವುದಿಲ್ಲ. ಅಲ್ಲಿ ತಡವರಿಸಬಾರದು, ಬರೆದುಕೊಂಡೇ ಹೋಗುತ್ತೇನೆ:

ಸಿಪಾ, ಆ ಫೋನು ಬಂದದ್ದು ನನಗೇ. ನಾನು ಏನೂ ಹೇಳಲಿಲ್ಲ. ಅದನ್ನೇ ಅವರು ದೂರು ಅಂದುಕೊಂಡರು.